ಐವತ್ತು ವರ್ಷ ಹಿಂದಿನ ಕ್ಲಾಸ್‌ಮೇಟ್‌ಗಳ ಜೊತೆ ಈಗ ಮತ್ತೆ ಮಾತು ಶುರು ಮಾಡೋದು ಹೇಗೆ?

ಪ್ರಶ್ನೆ: ಸರ್, ನಮಸ್ತೆ. ನನಗೆ 74 ವರ್ಷ, ರಿಟೈರ್ಡ್ ಟೀಚರ್. 1973ರಲ್ಲಿ ಡಿಗ್ರಿ ಮುಗಿಸಿದ್ದು. ಕ್ಲಾಸಲ್ಲಿ ನಾವು 46 ಜನ. ಈಗ ವಾಟ್ಸಾಪ್ ಗ್ರೂಪಲ್ಲಿರೋದು 23, ತೀರಿಕೊಂಡಿದ್ದಾರೆ ಅಂತ ಗೊತ್ತಿರೋದು 8, ಉಳಿದ 15 ಜನ ಎಲ್ಲಿದ್ದಾರೋ ಗೊತ್ತಿಲ್ಲ, ಅದ್ರಲ್ಲಿ 11 ಜನ ಹುಡುಗೀರೇ. ಗ್ರೂಪಲ್ಲಿ ಗುಡ್ ಮಾರ್ನಿಂಗು, ಫಾರ್ವರ್ಡು ಬಿಟ್ರೆ ಬೇರೆ ಏನೂ ಇಲ್ಲ. ಹೋದ ತಿಂಗಳು ಗೊತ್ತಾಯ್ತು, ಲ್ಯಾಬಲ್ಲಿ ನನ್ನ ಟೇಬಲ್ಲಲ್ಲೇ ಇದ್ದವರೊಬ್ಬರು ತೀರಿಕೊಂಡು ಮೂರು ತಿಂಗಳಾಗಿತ್ತಂತೆ, ಅಲ್ಲೀವರೆಗೂ ನಾವು ಅವರಿರೋ ಗ್ರೂಪಿಗೆ ದಿನಾ ಗುಡ್ ಮಾರ್ನಿಂಗ್ ಹಾಕ್ತಾನೇ ಇದ್ವಿ. ಎರಡು ದಿನ ನಿದ್ದೆ ಬರ್ಲಿಲ್ಲ. ಮನೇಲಿ "ಇಷ್ಟು ವರ್ಷ ಮಾತೇ ಆಡಿರ್ಲಿಲ್ಲ, ಈಗ್ಯಾಕೆ ಅಷ್ಟೊಂದು" ಅಂತಾರೆ. ಇನ್ನೊಬ್ಬ ಗೆಳತಿಗೆ ಮರೆವು ಶುರುವಾಗಿದೆ, ಫೋನ್ ಮಾಡಕ್ಕೆ ಭಯ. ಕಾಲೇಜಿಂದ ಬರೋದು ಡೊನೇಷನ್ ಕೇಳೋ ಮೇಲ್ ಮಾತ್ರ. ಕಾಣೆಯಾದವರಲ್ಲಿ ಒಬ್ಬಳ ನಂಬರ್ ಈಗ ಸಿಕ್ಕಿದೆ, ಮೂರು ವರ್ಷ ಒಂದೇ ಬೆಂಚಲ್ಲಿ ಕೂತವಳು, 40 ವರ್ಷ ಆಯ್ತು ಮಾತಾಡಿ. ಏನಂತ ಫೋನ್ ಮಾಡ್ಲಿ? ಈ ವಯಸ್ಸಲ್ಲಿ ಇದನ್ನೆಲ್ಲ ಮತ್ತೆ ಕಟ್ಟೋದ್ರಲ್ಲಿ ಅರ್ಥ ಇದ್ಯಾ?

ಉತ್ತರ: ಅಮ್ಮಾ, ನಮಸ್ಕಾರ. ವಯಸ್ಸಾದವರ ಜೊತೆ ಆಪ್ತ ಸಮಾಲೋಚನೆ ಮಾಡೋದು ನನ್ನ ಕೆಲಸ, ಇಪ್ಪತ್ತು ವರ್ಷದ ಮೇಲಾಯ್ತು. ನಿಮ್ಮ ಪ್ರಶ್ನೆ ಓದಿದಾಗ ಉಳಿದಿದ್ದೆಲ್ಲಕ್ಕಿಂತ ಆ ಮೂರು ತಿಂಗಳ ಗುಡ್ ಮಾರ್ನಿಂಗೇ ನನ್ನ ಮನಸ್ಸಲ್ಲಿ ಕೂತ್ಬಿಡ್ತು, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಿಮ್ಮ ದುಃಖ ಅತಿಯಾಗಿದ್ದಲ್ಲ. ಮನೆಯವರು ತೀರಿಕೊಂಡ್ರೆ ನಾಲ್ಕು ಜನ ಬಂದು ಕೂತ್ಕೋತಾರೆ, ಸಮಾಧಾನ ಹೇಳ್ತಾರೆ, ಆದ್ರೆ ಹಳೇ ಕ್ಲಾಸ್‌ಮೇಟ್ ಹೋದ್ರೆ ನಿಮ್ಮ ಹತ್ರ ಬಂದು ಯಾರೂ ಏನೂ ಕೇಳಲ್ಲ, ಯಾಕಂದ್ರೆ ಆ ಸಂಬಂಧಕ್ಕೆ ಹೊರಗಿನವರ ಕಣ್ಣಲ್ಲಿ ಹೆಸರೇ ಇಲ್ಲ. ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿರೋ ಅಮೆರಿಕದ ಕೆನೆತ್ ಡೋಕಾ ಅನ್ನೋರು 1980ರ ದಶಕದಲ್ಲೇ ಇಂಥ ದುಃಖದ ಬಗ್ಗೆ ಬರೆದಿದ್ರು, ಸುತ್ತಲಿನವರು ಇದು ದುಃಖ ಅಂತ ಒಪ್ಪದೇ ಇದ್ದಾಗ ಅದು ಒಳಗೇ ಉಳಿದು ಇನ್ನೂ ಭಾರ ಆಗತ್ತೆ ಅಂತ. ನಿಮ್ಮ ಆ ಎರಡು ರಾತ್ರಿ ಅದೇ. ಅದಕ್ಕೆ ನೀವು ಈಗಲೂ ಮಾಡಬಹುದಾದ ಒಂದು ಕೆಲಸ ಇದೆ, ಅವರ ಮನೆಯವರಿಗೆ ಒಂದು ಪುಟ ಬರೀರಿ. ಮೂರು ತಿಂಗಳಾಯ್ತಲ್ಲ ಅಂತ ಹಿಂಜರೀಬೇಡಿ, ಮೊದಲ ಹದಿನೈದು ದಿನ ಬರೋರೆಲ್ಲ ಬಂದು ಹೋಗಿರ್ತಾರೆ, ಆಮೇಲೆ ಮನೆ ಖಾಲಿ ಆಗಿರತ್ತೆ, ಆಗ ಬಂದ ಕಾಗದವನ್ನ ಅವರು ನಿಧಾನವಾಗಿ ಕೂತು ಓದ್ತಾರೆ.

ಆದ್ರೆ "ಒಳ್ಳೆಯವರಿದ್ರು, ದೇವರು ಶಾಂತಿ ಕೊಡ್ಲಿ" ಅಂತಷ್ಟೇ ಬರೀಬೇಡಿ. ನಿಮಗೆ ಮಾತ್ರ ಗೊತ್ತಿರೋ ಒಂದು ಘಟನೆ ಬರೀರಿ. ನನ್ನ ಹತ್ರ ಬರ್ತಿದ್ದ ಒಬ್ಬ ಹಿರಿಯರಿಗೂ ಹೀಗೇ ತಡವಾಗಿ ಸುದ್ದಿ ಗೊತ್ತಾಗಿತ್ತು. ಅವರು ಬರೆದಿದ್ದು ಇಷ್ಟೇ: ಪ್ರಾಕ್ಟಿಕಲ್ ಪರೀಕ್ಷೆ ಹಿಂದಿನ ರಾತ್ರಿ ನನಗೆ ಜ್ವರ ಬಂದಿತ್ತು, ಅವನು ತನ್ನ ಓದು ಪಕ್ಕಕ್ಕಿಟ್ಟು ನನ್ನ ರೆಕಾರ್ಡ್ ಬುಕ್ಕಲ್ಲಿ ಬಾಕಿ ಇದ್ದ ನಾಲ್ಕು ಗ್ರಾಫ್ ಎಳೆದುಕೊಟ್ಟ, ಬ್ಲೇಡಲ್ಲಿ ಪೆನ್ಸಿಲ್ ಚೂಪು ಮಾಡೋವಾಗ ಬೆರಳು ಕುಯ್ಕೊಂಡು ಒಂದು ಗ್ರಾಫಿನ ಮೂಲೇಲಿ ರಕ್ತದ ಕಲೆ ಉಳಿದಿತ್ತು. ವಾರ ಬಿಟ್ಟು ಆ ಗೆಳೆಯನ ಮಗಳು ಫೋನ್ ಮಾಡಿದ್ರಂತೆ. "ಅಪ್ಪನ ಎಡಗೈ ಬೆರಳಲ್ಲಿ ಆ ಗಾಯದ ಗುರುತಿತ್ತು ಅಂಕಲ್, ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದೀನಿ, ಏನೋ ಆಗಿತ್ತು ಬಿಡು ಅಂತಿದ್ರು" ಅಂದ್ರಂತೆ. ಆ ಮಗಳಿಗೆ ಅಪ್ಪನ ಇಪ್ಪತ್ತನೇ ವಯಸ್ಸು ಸಿಕ್ಕಿದ್ದು ಆ ಕಾಗದದಿಂದ. ಅದನ್ನ ಕೊಡೋ ಶಕ್ತಿ ಹೆಂಡತಿಗೂ ಇರ್ಲಿಲ್ಲ, ಅಣ್ಣ ತಮ್ಮಂದಿರಿಗೂ ಇರ್ಲಿಲ್ಲ, ಕ್ಲಾಸ್‌ಮೇಟಿಗಿತ್ತು.

ಅರ್ಥ ಇದ್ಯಾ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಮುಖ್ಯ ಉತ್ತರ ಇಲ್ಲೇ ಇದೆ. ನಿಮ್ಮ ಮಕ್ಕಳು ನಿಮ್ಮನ್ನ ಅಮ್ಮ ಆಗಿ ನೋಡಿದಾರೆ, ಸ್ಕೂಲಿನವರು ಟೀಚರ್ ಆಗಿ ನೋಡಿದಾರೆ, ಆದ್ರೆ ಹತ್ತೊಂಬತ್ತು ವರ್ಷದ ಹುಡುಗಿಯಾಗಿ, ಇನ್ನೂ ಏನೂ ಆಗಿರದೇ ಇದ್ದಾಗ ನಿಮ್ಮನ್ನ ದಿನಾ ನೋಡಿದವರು ಈ ಕ್ಲಾಸಿನವರೇ. ವಯಸ್ಸಾದವರನ್ನ ಜೀವನದ ನೆನಪು ಹೇಳಿ ಅಂದ್ರೆ ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಗುಂಪುಗುಂಪಾಗಿ ಬರ್ತವೆ, ಮನಶ್ಶಾಸ್ತ್ರದಲ್ಲಿ ಇದು ಮತ್ತೆ ಮತ್ತೆ ಕಂಡಿರೋ ವಿಷಯ. ಮೊದಲ ಸಲ ಮನೆಯಿಂದ ದೂರ ಇದ್ದಿದ್ದು, ಮೊದಲ ಸಲ ಸ್ವಂತ ತೀರ್ಮಾನ ತಗೊಂಡಿದ್ದು ಎಲ್ಲಾ ಆಗ್ಲೇ ತಾನೇ. ಕಾಲೇಜು ಬೀಳೋದು ಸರಿಯಾಗಿ ಅದರ ಮಧ್ಯದಲ್ಲಿ.

ಇನ್ನು ಆರೋಗ್ಯದ ಲೆಕ್ಕ, ಮನೆಯವರಿಗೆ ತೋರಿಸಕ್ಕೆ ಬೇಕಾಗಬಹುದು ಅಂತ ಹೇಳ್ತೀನಿ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತವರ ತಂಡ 148 ಅಧ್ಯಯನಗಳನ್ನ, ಒಟ್ಟು 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನ ಒಟ್ಟಿಗೆ ಇಟ್ಟು ನೋಡಿದಾಗ, ಸಂಬಂಧಗಳು ಗಟ್ಟಿಯಾಗಿದ್ದವರು ಬದುಕುಳಿಯೋ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡ್ತಿದೆ. ಮತ್ತೆ ಸಂಬಂಧಗಳ ಬಗ್ಗೆ ಅತ್ಯಂತ ದೀರ್ಘ ಕಾಲ ನಡೆದಿರೋ ಅಧ್ಯಯನಗಳಲ್ಲಿ ಒಂದು ಹಾರ್ವರ್ಡಿಂದು, ಅದು ಶುರುವಾಗಿದ್ದೇ 1938ರಲ್ಲಿ ಕಾಲೇಜು ಹುಡುಗರಿಂದ. 268 ಹುಡುಗರನ್ನ ಅವರು ಮುದುಕರಾಗೋವರೆಗೂ ಬಿಡದೆ ಪ್ರಶ್ನೆ ಕಳಿಸಿ, ಮನೆಗೆ ಹೋಗಿ ಮಾತಾಡ್ಸಿ, ಆರೋಗ್ಯದ ದಾಖಲೆ ತರಿಸಿ ನೋಡ್ತಾ ಬಂದ್ರು, ಕೊನೇಲಿ ಮತ್ತೆ ಮತ್ತೆ ಕಂಡಿದ್ದು ಒಳ್ಳೇ ಸಂಬಂಧ ಇದ್ದವರು ಹೆಚ್ಚು ಆರೋಗ್ಯವಾಗಿ, ನೆಮ್ಮದಿಯಾಗಿದ್ರು ಅನ್ನೋದು. ಆ ಮೊದಲ ತಂಡದಲ್ಲಿ ಹೆಣ್ಣುಮಕ್ಕಳು ಒಬ್ಬರೂ ಇರ್ಲಿಲ್ಲ, ಯಾಕಂದ್ರೆ ಆಗ ಆ ಕಾಲೇಜಿಗೆ ಸೇರಿಸ್ಕೋತಿದ್ದಿದ್ದೇ ಗಂಡುಹುಡುಗರನ್ನ. ನಿಮ್ಮ ಪಟ್ಟಿಯ ಆ 11 ಜನರ ವಿಷಯ ಓದಿದಾಗ ಇದೂ ನೆನಪಾಯ್ತು.

ಹಾಗಂತ 46 ಜನರನ್ನೂ ಮತ್ತೆ ಆಪ್ತರನ್ನಾಗಿ ಮಾಡ್ಕೊಳ್ಳಕ್ಕೆ ಹೋಗ್ಬೇಡಿ. ವಯಸ್ಸಾಗ್ತಾ ಬಳಗ ಚಿಕ್ಕದಾಗೋದು ಸಹಜ, ಲಾರಾ ಕಾರ್ಸ್ಟೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞೆ ಇದನ್ನ ವಿವರವಾಗಿ ತೋರ್ಸಿದಾರೆ, ಇನ್ನು ಉಳಿದಿರೋ ಸಮಯ ಕಡಿಮೆ ಅನ್ನಿಸಿದಾಗ ಜನ ಮನಸ್ಸಿಗೆ ಹತ್ತಿರದವರನ್ನೇ ಆರಿಸ್ಕೋತಾರೆ, ಅದು ಕೊರತೆ ಅಲ್ಲ. ನನ್ನ ಅನುಭವದಲ್ಲಿ ಒಂದು ಬ್ಯಾಚ್ ಜೀವಂತವಾಗಿರಕ್ಕೆ ಎರಡು ಬೇರೆ ಬೇರೆ ವ್ಯವಸ್ಥೆ ಬೇಕು: ಎಲ್ಲರಿಗೂ ಸೇರಿ ಒಂದು ಪಟ್ಟಿ, ಮತ್ತೆ ನಾಲ್ಕೈದು ಜನರ ಜೊತೆ ನಿಜವಾದ ಮಾತು. ಬಹಳ ಕಡೆ ಎಡವೋದು ಇಲ್ಲೇ, ವಾಟ್ಸಾಪ್ ಗ್ರೂಪೇ ಎರಡೂ ಕೆಲಸ ಮಾಡತ್ತೆ ಅಂದ್ಕೋತಾರೆ, ಅದು ಎರಡನ್ನೂ ಮಾಡಲ್ಲ.

ಪಟ್ಟಿ ವಿಷಯಕ್ಕೆ ಬರೋಣ, ಇದನ್ನ ಸ್ವಲ್ಪ ಜಾಸ್ತೀನೇ ಹೇಳ್ತೀನಿ ಯಾಕಂದ್ರೆ ಆ ಮೂರು ತಿಂಗಳ ಕಥೆ ಮತ್ತೆ ಆಗಬಾರದು ಅಂದ್ರೆ ಮದ್ದು ಇದೊಂದೇ. ಒಂದು ಸಾಧಾರಣ ನೋಟ್‌ಬುಕ್ ತಗೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು ಪುಟ. ಕಾಲೇಜಲ್ಲಿದ್ದಾಗಿನ ಹೆಸರು, ಈಗಿನ ಹೆಸರು, ಊರು, ಫೋನ್ ನಂಬರ್, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಎರಡನೇ ನಂಬರ್. ಎರಡನೇ ನಂಬರ್ ಅಂದ್ರೆ ಅವರ ಮಗನೋ ಮಗಳೋ ಸೊಸೆಯೋ ಪಕ್ಕದ ಮನೆಯವರೋ, ಅವರ ಮನೆಯಲ್ಲಿ ಏನಾದ್ರೂ ಆದ್ರೆ ಫೋನ್ ಎತ್ತೋ ಒಬ್ಬರು. ನಿಮ್ಮ ಲ್ಯಾಬಿನ ಗೆಳೆಯರ ವಿಷಯದಲ್ಲಿ ಇದ್ದಿದ್ದು ಒಂದೇ ನಂಬರ್, ಆ ಫೋನು ಅವರ ಜೊತೆಗೇ ಸುಮ್ಮನಾಯ್ತು. ಮನೆಯವರಿಗೆ ಪಾಪ ಗ್ರೂಪ್ ಒಂದಿದೆ ಅಂತಾನೂ ಗೊತ್ತಿರಲ್ಲ, ಗೊತ್ತಿದ್ರೂ ಲಾಕ್ ಆಗಿರೋ ಫೋನ್ ತೆಗೆಯಕ್ಕೆ ಬರಲ್ಲ.

ಎರಡನೇ ನಂಬರ್ ಕೇಳೋದು ಮುಜುಗರ ಅನ್ನಿಸತ್ತೆ, ನೀನು ಹೋದ್ರೆ ನಮಗೆ ಹೇಳೋರು ಯಾರು ಅಂತ ಕೇಳಿದ ಹಾಗೆ. ಅದಕ್ಕೆ ಮೊದಲು ನಿಮ್ಮದು ಕೊಡಿ. "ನನ್ನ ಮಗಳ ನಂಬರ್ ಬರ್ಕೋ, ನಾನು ಫೋನ್ ಎತ್ತದೇ ಇದ್ರೆ ಇವಳಿಗೆ ಮಾಡು, ನಿನ್ನ ಕಡೆಯಿಂದ ಯಾರದ್ದು ಬರ್ಕೊಳ್ಳಿ?" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಗಳಿಗೂ ಹೇಳಿಡಿ, ಅಮ್ಮನಿಗೆ ಏನಾದ್ರೂ ಆದ್ರೆ ಬ್ಯಾಚಿನ ಈ ಇಬ್ಬರಿಗೆ ತಿಳಿಸಬೇಕು ಅಂತ, ಅವರ ಹೆಸರು ನಂಬರ್ ಕಾಗದದಲ್ಲಿ ಬರೆದು ಮನೆ ದಾಖಲೆ ಇಡೋ ಫೈಲಲ್ಲಿ ಹಾಕಿ. ಪಟ್ಟಿಯ ಒಂದು ಪ್ರತಿ ಇನ್ನೊಬ್ಬ ಕ್ಲಾಸ್‌ಮೇಟ್ ಹತ್ರಾನೂ ಇರ್ಲಿ, ಅವರು ಸಾಧ್ಯವಾದಷ್ಟೂ ಬೇರೆ ಊರಿನವರಾಗಿದ್ರೆ ಒಳ್ಳೇದು. ಈ ಪಟ್ಟೀನ ಫೋಟೋ ತೆಗೆದು ಗ್ರೂಪಲ್ಲಿ ಹಾಕ್ಬೇಡಿ, ಅದು ಯಾರ್ಯಾರ ಕೈಗೆ ಹೋಗತ್ತೋ ಹೇಳಕ್ಕಾಗಲ್ಲ. ಯಾರೋ ತೀರಿಕೊಂಡ್ರು ಅಂತ ಸುದ್ದಿ ಬಂದ್ರೆ ಎರಡನೇ ನಂಬರಿಗೆ ಮಾತಾಡಿ ಖಾತ್ರಿ ಮಾಡ್ಕೊಂಡೇ ಪುಟದಲ್ಲಿ ಬರೀರಿ, ಅದೇ ಹೆಸರಿನ ಬೇರೆಯವರು ಹೋಗಿದ್ದಕ್ಕೆ ಬದುಕಿರೋರ ಮನೆಗೆ ಸಂತಾಪ ಹೇಳಕ್ಕೆ ಫೋನ್ ಮಾಡಿದ್ದನ್ನ ನಾನು ನೋಡಿದೀನಿ, ಆ ಕಡೆ ಫೋನ್ ಎತ್ತಿದ್ದು ಅವರೇ.

ಕೆಲವು ದೇಶಗಳ ಹಳೇ ಕಾಲೇಜುಗಳಲ್ಲಿ ಈ ಕೆಲಸಕ್ಕೆ ಒಂದು ಹುದ್ದೆಯೇ ಇದೆ, ಪ್ರತಿ ಬ್ಯಾಚಿಗೂ ಒಬ್ಬ ಕ್ಲಾಸ್ ಸೆಕ್ರೆಟರಿ. ಬ್ಯಾಚಿನವರ ಸುದ್ದಿ ಸಂಗ್ರಹಿಸಿ ಕಾಲೇಜಿನ ಪತ್ರಿಕೆಗೆ ಬರೆದು ಕಳಿಸೋದು ಅವರ ಜವಾಬ್ದಾರಿ. ನಿಮ್ಮ ಬ್ಯಾಚಿಗೆ ಆ ಕೆಲಸ ನೀವೇ ಮಾಡ್ತೀರ ಅಂತ ನನಗನ್ನಿಸತ್ತೆ, ಎಷ್ಟೋ ವರ್ಷ ಹಾಜರಿ ಪುಸ್ತಕ ಇಟ್ಟ ಕೈ ಅದು.

ಕಾಣೆಯಾದ 15 ಜನರನ್ನ ಹುಡುಕೋದು. ಹುಡುಗೀರೇ ಹೆಚ್ಚು ಕಾಣೆಯಾಗಿರೋದು ನಿಮ್ಮ ಕ್ಲಾಸೊಂದರ ಕಥೆ ಅಲ್ಲ, ಆ ತಲೆಮಾರಿನ ಯಾವ ಬ್ಯಾಚ್ ತಗೊಂಡ್ರೂ ಬಹುಪಾಲು ಹೀಗೇ. ಮದುವೆ ಆಯ್ತು, ಹೆಸರಿನ ಹಿಂದು ಮುಂದು ಬದಲಾಯ್ತು, ವಿಳಾಸ ಬದಲಾಯ್ತು, ಕೆಲಸಕ್ಕೆ ಹೋಗದೇ ಇದ್ರೆ ಯಾವ ಆಫೀಸಿನ ದಾಖಲೇಲೂ ಸಿಗಲ್ಲ. ಹಾಗಾಗಿ ಫೇಸ್‌ಬುಕ್ಕಲ್ಲಿ ಹಳೇ ಹೆಸರು ಹೊಡೆದು ಸಿಗ್ಲಿಲ್ಲ ಅಂತ ಕೈಬಿಡ್ಬೇಡಿ, ಅವರ ಅಣ್ಣ ತಮ್ಮಂದಿರ ಹೆಸರು ಹಾಕಿ ನೋಡಿ, ಅವರ ಹೆಸರು ಬದಲಾಗಿರಲ್ಲ. ಗ್ರೂಪಲ್ಲಿ ಯಾರಾದ್ರೂ ಒಬ್ಬರಿಗೆ ಅವರ ಅಣ್ಣ ಏನು ಕೆಲಸ ಮಾಡ್ತಿದ್ದ, ಅಪ್ಪ ಎಲ್ಲಿದ್ರು ಅನ್ನೋದಾದ್ರೂ ನೆನಪಿರತ್ತೆ.

ನೆನಪು ಬರಿಸಕ್ಕೆ ಗ್ರೂಪ್ ಫೋಟೋ ಬಳಸಿ. 1975ರಲ್ಲಿ ಹ್ಯಾರಿ ಬಾರಿಕ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ 392 ಜನರ ಮೇಲೆ ಒಂದು ಪ್ರಯೋಗ ಮಾಡಿದ್ರು, ಶಾಲೆ ಬಿಟ್ಟು ಕೆಲವೇ ತಿಂಗಳಾದವರಿಂದ ಹಿಡಿದು ಸುಮಾರು ಐವತ್ತು ವರ್ಷ ಆದವರವರೆಗೂ. ನಿಮ್ಮ ಜೊತೆ ಓದಿದವರ ಹೆಸರು ಹೇಳಿ ಅಂತ ಸುಮ್ಮನೆ ಕೇಳಿದ್ರೆ ವರ್ಷ ಕಳೆದ ಹಾಗೆ ಹೆಸರುಗಳು ಉದುರಿ ಹೋಗಿದ್ವು, ಆದ್ರೆ ಫೋಟೋ ತೋರ್ಸಿ ಇವರು ನಿಮ್ಮ ಜೊತೆ ಇದ್ರಾ ಅಂದಾಗ ದಶಕಗಳಾದ್ಮೇಲೂ ಗುರುತು ಹಿಡೀತಿದ್ರು. ಅದಕ್ಕೇ ಗ್ರೂಪಲ್ಲಿ "ಯಾರ್ಯಾರು ನೆನಪಿದಾರೆ" ಅಂತ ಕೇಳಿದ್ರೆ ಉತ್ತರ ಬರಲ್ಲ. ಫೋಟೋಗೆ ಒಬ್ಬೊಬ್ಬರ ತಲೆ ಮೇಲೂ ನಂಬರ್ ಹಾಕಿ, ದಿನಕ್ಕೆ ಮೂರೇ ನಂಬರ್ ಕೇಳಿ, "ಎರಡನೇ ಸಾಲು 14, ಜಡೆ ಮುಂದೆ ಹಾಕ್ಕೊಂಡಿರೋದು, ಯಾರ ಪಕ್ಕ ಕೂರ್ತಿದ್ಲು?" ಹೀಗೆ. ಗುಡ್ ಮಾರ್ನಿಂಗ್ ಹಾಕ್ತಿದ್ದವರೇ ಆಗ ಪ್ಯಾರಾಗಟ್ಟಲೆ ಬರೀತಾರೆ, ನೋಡ್ತಿರಿ.

ಕಾಲೇಜ್ ಆಫೀಸಲ್ಲಿ ಹಳೇ ಅಡ್ಮಿಷನ್ ರಿಜಿಸ್ಟರ್ ಇದ್ರೆ ಅದ್ರಲ್ಲಿ ಮನೆ ವಿಳಾಸ ಇರಬಹುದು. ಆದ್ರೆ ನಂಬರ್ ವಿಳಾಸ ಕೊಡಿ ಅಂತ ಒತ್ತಾಯ ಮಾಡ್ಬೇಡಿ, ಒಬ್ಬರ ಮಾಹಿತಿಯನ್ನ ಇನ್ನೊಬ್ಬರಿಗೆ ಕೊಡದೇ ಇರೋದು ಅವರ ಕಡೆಯಿಂದ ಸರಿಯಾದ ನಡೆ. ಅದರ ಬದಲು ನೀವೇ ಒಂದು ಕಾಗದ ಬರೆದು ಕೊಟ್ಟು "ಇದನ್ನ ಅವರಿಗೆ ತಲುಪ್ಸಿ, ಇಷ್ಟ ಇದ್ರೆ ಅವರೇ ನನಗೆ ಮಾಡ್ಲಿ" ಅನ್ನಿ. ಮತ್ತೆ ಸಿಕ್ಕಿದವರಲ್ಲಿ ಒಬ್ಬಿಬ್ಬರು ಬೇಡ ಅನ್ನಬಹುದು, ಎಲ್ಲರಿಗೂ ಕಾಲೇಜು ಅಂದ್ರೆ ಸಂತೋಷದ ನೆನಪೇ ಇರಬೇಕು ಅಂತಿಲ್ಲ. ಯಾಕೆ ಅಂತ ಕೇಳ್ಬೇಡಿ, ಪುಟದಲ್ಲಿ "ಕ್ಷೇಮ" ಅಂತ ಬರೆದು ಬಿಟ್ಬಿಡಿ.

ಈಗ ಆ ಗ್ರೂಪು. ಅದನ್ನ ಮುಚ್ಚಬೇಡಿ, ಬೈಯ್ಯಬೇಡಿ, ಗುಡ್ ಮಾರ್ನಿಂಗ್ ಹಾಕೋರಲ್ಲಿ ಕೆಲವರಿಗೆ ಅದು "ನಾನಿದೀನಿ" ಅಂತ ಹೇಳೋ ರೀತಿ. ಅದರ ಪಕ್ಕದಲ್ಲಿ ಇನ್ನೊಂದು ಗ್ರೂಪ್ ಮಾಡಿ, ಸೆಟ್ಟಿಂಗ್ಸಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಇಡಿ, ಅದ್ರಲ್ಲಿ ಸುದ್ದಿ ಮಾತ್ರ: ಯಾರಿಗೆ ಆಪರೇಷನ್, ಯಾರು ಮನೆ ಬದಲಾಯಿಸಿದ್ರು, ಯಾರು ಹೋದ್ರು, ಮುಂದಿನ ಭೇಟಿ ಯಾವಾಗ. ಫಾರ್ವರ್ಡುಗಳ ಮಧ್ಯೆ ಸಾವಿನ ಸುದ್ದಿ ಮುಳುಗಿ ಹೋಗೋದು ಇದರಿಂದ ತಪ್ಪತ್ತೆ. ಎರಡು ವಾರದಿಂದ ಸದ್ದಿಲ್ಲದೇ ಇರೋರಿಗೆ ನೀವೋ ಇನ್ನೊಬ್ಬರೋ ಫೋನ್ ಮಾಡಿ, ಇಷ್ಟು ಸಾಕು.

ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಗ್ರೂಪಲ್ಲೂ ಹೇಳಿ. ಕ್ಲಾಸ್‌ಮೇಟ್ ನಂಬರಿಂದಲೇ "ಅರ್ಜೆಂಟ್ ದುಡ್ಡು ಬೇಕು, ಆಸ್ಪತ್ರೇಲಿದೀನಿ" ಅಂತಲೋ, "ನಿನಗೊಂದು ಆರಂಕಿ ಕೋಡ್ ಬಂದಿದೆ, ಕಳ್ಸು" ಅಂತಲೋ ಬಂದ್ರೆ ಅದು ಅವರ ಅಕೌಂಟ್ ಕದ್ದವರ ಕೆಲಸ ಆಗಿರೋ ಸಾಧ್ಯತೆ ತುಂಬಾ ಹೆಚ್ಚು. ಆ ಕೋಡ್ ಕೊಟ್ರೆ ನಿಮ್ಮ ವಾಟ್ಸಾಪೂ ಹೋಗತ್ತೆ, ಆಮೇಲೆ ನಿಮ್ಮ ಹೆಸರಲ್ಲಿ ಉಳಿದ 22 ಜನರಿಗೆ ಮೆಸೇಜ್ ಹೋಗತ್ತೆ. ಫೋನ್ ಮಾಡಿ ಮಾತಾಡಿ, ಈಗ ಧ್ವನಿಯನ್ನೂ ನಕಲು ಮಾಡ್ತಾರೆ ಹಾಗಾಗಿ ಕಾಲೇಜಿನ ಒಂದು ವಿಷಯ ಕೇಳಿ, ಕೆಮಿಸ್ಟ್ರಿ ಮೇಷ್ಟ್ರಿಗೆ ನಾವಿಟ್ಟ ಅಡ್ಡಹೆಸರೇನು ಅಂತ. ಟೂ ಸ್ಟೆಪ್ ವೆರಿಫಿಕೇಷನ್ ಅಂತ ಸೆಟ್ಟಿಂಗ್ಸಲ್ಲಿದೆ, ಮಗಳ ಹತ್ರ ಹಾಕಿಸ್ಕೊಳ್ಳಿ.

ಇನ್ನು ನಿಜವಾದ ಮಾತು. ಅದು ಇಬ್ಬರಿಂದ ನಾಲ್ಕು ಜನರ ಮಧ್ಯೆ ಆಗೋದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತವರ ಜೊತೆಗಾರರು 1990ರ ದಶಕದಲ್ಲಿ ಜನ ಮಾತಾಡೋದನ್ನ ಗಮನಿಸಿ ಒಂದು ಮಾತುಕತೆ ಸಹಜವಾಗಿ ನಿಲ್ಲೋದು ಸುಮಾರು ನಾಲ್ಕು ಜನರಿಗೆ, ಐದನೆಯವರು ಬಂದ್ರೆ ಎರಡಾಗಿ ಒಡೆಯತ್ತೆ ಅಂತ ಕಂಡ್ರು. ವಾಟ್ಸಾಪ್ ವಿಡಿಯೋ ಕಾಲಲ್ಲಿ 32 ಜನ ಸೇರಬಹುದು ನಿಜ, ಆದ್ರೆ ಎಪ್ಪತ್ತು ದಾಟಿದವರು ಹತ್ತು ಜನ ಸೇರಿದ್ರೂ "ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ" ಅನ್ನೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ.

ಕಿವಿ ವಿಷಯ ಬಂತು, ಹೇಳ್ಬಿಡ್ತೀನಿ. ವಯಸ್ಸಿಗೆ ಮೊದಲು ಹೋಗೋದು ತೀಕ್ಷ್ಣ ಶಬ್ದಗಳು, ಸ, ಶ, ತ, ಪ ಇಂಥವು ಮಸುಕಾಗ್ತವೆ, ಶಬ್ದ ಕೇಳತ್ತೆ ಆದ್ರೆ ಪದ ಗೊತ್ತಾಗಲ್ಲ. ಭೇಟಿಗೆ ಬಂದು ಮೂಲೇಲಿ ಸುಮ್ಮನೆ ನಗ್ತಾ ಕೂತು, ಮುಂದಿನ ಸಲ ಬರದೇ ಇರೋರಿಗೆ "ಅಹಂಕಾರ ಬಂದಿದೆ" ಅಂತಾರೆ, ಬಹಳ ಸಲ ಅದು ಕಿವಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2024ರ ವರದಿ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸೋ, ಆದ್ರೆ ನಾವು ಸರಿಪಡಿಸಬಹುದಾದ 14 ಕಾರಣ ಪಟ್ಟಿ ಮಾಡಿದೆ, ಅದ್ರಲ್ಲಿ ಕಿವಿ ಮಂದವಾಗೋದೂ ಇದೆ, ಜನರಿಂದ ದೂರ ಆಗೋದೂ ಇದೆ, ಮತ್ತೆ ಮೊದಲನೇದರಿಂದ ಎರಡನೇದು ಬರತ್ತೆ. ಅದಕ್ಕೆ ಸೇರೋದಾದ್ರೆ ದೊಡ್ಡ ಹಾಲ್ ಬೇಡ, ಮೈಕು ಹಾಡು ಬೇಡ, ಬೆಳಗ್ಗೆ ಹೊತ್ತು, ಚಿಕ್ಕ ರೂಮು, ಮುಖದ ಮೇಲೆ ಬೆಳಕು ಬೀಳೋ ಹಾಗೆ ಸುತ್ತ ಕೂತ್ಕೊಳ್ಳಿ. ಐದು ವರ್ಷಕ್ಕೊಂದು ದೊಡ್ಡ ಸಮಾರಂಭ ಅಂತ ಕಾಯ್ಬೇಡಿ, ವರ್ಷಕ್ಕೊಂದು ಸಲ ಎಷ್ಟು ಜನ ಆಗತ್ತೋ ಅಷ್ಟು ಜನ. ತೀರಿಕೊಂಡವರ ಗಂಡ ಹೆಂಡತಿಯರನ್ನೂ ಕರೀರಿ, ಅವರು ಬರ್ತಾರೆ, ಬಂದು ಕೇಳಿಸ್ಕೊಳ್ತಾರೆ.

ಮರೆವು ಶುರುವಾದ ಗೆಳತಿ. ಇವರಿಗೆ ಫೋನ್ ಮಾಡೋದನ್ನ ಮುಂದಕ್ಕೆ ಹಾಕ್ಬೇಡಿ. ನಿಮ್ಮ ಭಯ ನನಗೆ ಅರ್ಥ ಆಗತ್ತೆ, ಅವಳು ನನ್ನನ್ನ ಗುರುತು ಹಿಡೀದೇ ಇದ್ರೆ ಅನ್ನೋದು ತಾನೇ. ಆದ್ರೆ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗಿ ಹಳೇದು ತಡವಾಗಿ ಹೋಗತ್ತೆ, ಫ್ರಾನ್ಸಿನ ರಿಬೋ ಅನ್ನೋ ಮನಶ್ಶಾಸ್ತ್ರಜ್ಞರು 1881ರಲ್ಲೇ ಇದನ್ನ ಬರೆದಿದ್ರು. ಅಂದ್ರೆ ನಿನ್ನೆ ಬಂದ ಮೊಮ್ಮಗಳಿಗಿಂತ 1971ರ ನೀವು ಅವರಿಗೆ ಹತ್ತಿರ ಇರಬಹುದು.

ಒಂದೇ ಒಂದು ಮಾತು ಬಿಟ್ಬಿಡಿ: "ನೆನಪಿದ್ಯಾ?" ಅದು ಪರೀಕ್ಷೆ ಆಗ್ಬಿಡತ್ತೆ, ಉತ್ತರ ಬರದೇ ಇದ್ರೆ ಅವರು ಕುಗ್ಗಿ ಹೋಗ್ತಾರೆ. ಕೇಳೋ ಬದಲು ನೀವೇ ಹೇಳಿ. ಹೋದ ವರ್ಷ ಒಂದು ಮನೇಲಿ ನಾನೇ ಪಕ್ಕದಲ್ಲಿ ಕೂತು ನೋಡಿದ್ದು, ಗೆಳತಿ ಬಂದು ಕೈ ಹಿಡ್ಕೊಂಡು "ನಾವಿಬ್ರೂ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತ್ಕೊಂಡು ತಲೆ ಒಣಗಿಸ್ಕೊಳ್ತಿದ್ವಿ, ನೀನು ಇಂಗ್ಲಿಷ್ ಪದ್ಯ ಓದ್ತಿದ್ದೆ, ನಾನು ಕೇಳ್ತಿದ್ದೆ" ಅಂತ ನಿಧಾನವಾಗಿ ಹೇಳ್ತಾ ಹೋದ್ರು. ಮರೆವಿದ್ದ ಇವರು ಸುಮ್ಮನೆ ಗೋಡೆ ನೋಡ್ತಿದ್ದವರು ಸ್ವಲ್ಪ ಹೊತ್ತಾದ್ಮೇಲೆ "ಎರಡನೇ ಮೆಟ್ಟಿಲು ಒಡೆದಿತ್ತು" ಅಂದ್ರು. ಆ ಇಡೀ ಮಧ್ಯಾಹ್ನ ಅವರು ತಾವಾಗೇ ಆಡಿದ ಮಾತು ಅದೊಂದೇ, ಆದ್ರೆ ಮೆಟ್ಟಿಲು ನಿಜವಾಗ್ಲೂ ಒಡೆದಿತ್ತಂತೆ, ಬಂದ ಗೆಳತಿ ಅದನ್ನ ಮರೆತೇ ಬಿಟ್ಟಿದ್ರು.

ಫೋನ್ ಮಾಡೋ ಮುಂಚೆ ನೋಡ್ಕೊಳ್ಳೋರಿಗೆ ಕೇಳಿ ಯಾವ ಹೊತ್ತು ಅವರು ಚೆನ್ನಾಗಿರ್ತಾರೆ ಅಂತ, ಹೆಚ್ಚಿನವರಿಗೆ ಸಂಜೆ ಹೊತ್ತು ಕಷ್ಟ. ಹತ್ತು ನಿಮಿಷ ಸಾಕು. ಹೇಳಿದ್ದನ್ನೇ ಹೇಳಿದ್ರೆ ಮೊದಲ ಸಲ ಕೇಳ್ದಂಗೆ ಕೇಳಿ, ತಪ್ಪು ಹೇಳಿದ್ರೆ ತಿದ್ದಬೇಡಿ, ತೀರಿಕೊಂಡವರನ್ನ ಕೇಳಿದ್ರೆ ಅವರು ಹೋದ್ರು ಅಂತ ಪ್ರತಿ ಸಲ ಹೊಸದಾಗಿ ದುಃಖ ಕೊಡೋ ಬದಲು ಅವರ ಬಗ್ಗೆ ಒಂದು ಒಳ್ಳೇ ಘಟನೆ ಹೇಳಿ. ಮುಂದಿನ ವಾರಕ್ಕೆ ಅವರಿಗೆ ಮಾತು ಮರೆತು ಹೋಗಿರಬಹುದು, ಆ ದಿನದ ಹಗುರ ಮನಸ್ಸನ್ನ ಮನೆಯವರು ಗಮನಿಸಿ ನಿಮಗೆ ಹೇಳ್ತಾರೆ.

ಕಾಲೇಜಿನ ಬಗ್ಗೆ. ದುಡ್ಡು ಕೇಳೋದು ತಪ್ಪಲ್ಲ, ಅದಷ್ಟನ್ನೇ ಕೇಳಿದ್ರೆ ಬೇಜಾರಾಗೋದು ನ್ಯಾಯ. ಹಳೇ ವಿದ್ಯಾರ್ಥಿಗಳ ಸಂಘ ಅನ್ನೋದು ಬಹಳ ಹಳೇ ಸಂಗತಿ, ಅಮೆರಿಕದ ವಿಲಿಯಮ್ಸ್ ಕಾಲೇಜಿನ ಸಂಘ 1821ರಲ್ಲಿ ಶುರುವಾಗಿದ್ದು, ಕಾಲೇಜೇ ಮುಚ್ಚಿ ಹೋಗೋ ಹಾಗಿದ್ದಾಗ ಅದನ್ನ ಉಳಿಸ್ಕೊಳ್ಳಕ್ಕೆ ಅಂತ ಹಳೇ ವಿದ್ಯಾರ್ಥಿಗಳು ಕಟ್ಟಿದ್ದು. ಅಲ್ಲಿನದೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷದ ಪುನರ್ಮಿಲನಕ್ಕೆ ಬಂದವರಲ್ಲಿ ಅತ್ಯಂತ ಹಳೇ ಬ್ಯಾಚಿನ ಹಿರಿಯರ ಕೈಗೆ ಒಂದು ಊರುಗೋಲು ಕೊಡ್ತಾರೆ, ಮೆರವಣಿಗೇಲಿ ಅದನ್ನ ಹಿಡ್ಕೊಂಡು ಬರೋರಿಗೆ ಇಡೀ ಕಾಲೇಜು ಚಪ್ಪಾಳೆ ತಟ್ಟತ್ತೆ. ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ, ಬಂದಿದ್ದೇ ಗೌರವ.

ಹಾಗಾಗಿ ನೀವು ಕಾಲೇಜಿಗೆ ಬರೀರಿ, ಹಣ ಕೊಡಕ್ಕಾಗಲ್ಲ ಅಂತ ಒಂದು ಸಾಲಲ್ಲಿ ಸಂಕೋಚ ಇಲ್ಲದೆ ಹೇಳಿ, ಮುಂದಿನ ಸಾಲಲ್ಲಿ ನಿಮ್ಮ ಹತ್ರ ಇರೋದನ್ನ ಹೇಳಿ. 1970ರಿಂದ 73ರವರೆಗಿನ ಫೋಟೋ, ಕಾಲೇಜ್ ಮ್ಯಾಗಝೀನು, ಟೈಮ್ ಟೇಬಲ್ಲು, ಪ್ರಶ್ನೆಪತ್ರಿಕೆ, ಹಾಸ್ಟೆಲ್ ನಿಯಮದ ಚೀಟಿ ಇಂಥದ್ದು ಬಹಳ ಕಾಲೇಜುಗಳಲ್ಲಿ ಒಂದೂ ಉಳಿದಿರಲ್ಲ. ಮೊದಲು ಸ್ಕ್ಯಾನ್ ಮಾಡಿಸ್ಕೊಂಡು ಆಮೇಲೆ ಕೊಡಿ. ಫೋಟೋ ಹಿಂದೆ ಬಾಲ್ ಪೆನ್ನಲ್ಲಿ ಬರೀಬೇಡಿ, ಒತ್ತಿದ ಗುರುತು ಮುಂದಕ್ಕೆ ಮೂಡತ್ತೆ, ಮೆತ್ತನೆ ಪೆನ್ಸಿಲ್ಲಲ್ಲಿ ಅಂಚಲ್ಲಿ ಬರೀರಿ, ಯಾರ್ಯಾರು, ಎಡದಿಂದ ಬಲಕ್ಕೆ, ಯಾವ ವರ್ಷ. ಹೆಸರಿಲ್ಲದ ಫೋಟೋ ಇನ್ನು ಇಪ್ಪತ್ತು ವರ್ಷ ಬಿಟ್ರೆ ಯಾರ ಉಪಯೋಗಕ್ಕೂ ಬರಲ್ಲ. ತಗೊಂಡಿದ್ದಕ್ಕೆ ಒಂದು ಸ್ವೀಕೃತಿ ಪತ್ರ ಕೇಳಿ ಇಟ್ಕೊಳ್ಳಿ. ಮತ್ತೆ ಯಾರಾದ್ರೂ ವಿದ್ಯಾರ್ಥಿನ ಕಳ್ಸಿ, ನಮ್ಮ ಕಾಲದ್ದು ಒಂದು ಗಂಟೆ ರೆಕಾರ್ಡ್ ಮಾಡ್ಕೊಳ್ಳಿ ಅಂತ ಕೇಳಿ, 46ರಲ್ಲಿ ಎಷ್ಟು ಹುಡುಗೀರಿದ್ವಿ, ಲ್ಯಾಬಲ್ಲಿ ಬೇರೆ ಟೇಬಲ್ ಇತ್ತಾ, ಓದು ಬಿಡಿಸಿದ್ದು ಯಾರಿಗೆ ಅನ್ನೋದೆಲ್ಲ ನೀವು ಹೇಳಿದ್ರೆ ಮಾತ್ರ ಉಳಿಯತ್ತೆ. ಯಾವತ್ತಾದ್ರೂ ದುಡ್ಡು ಕೊಡೋ ಮನಸ್ಸಾದ್ರೆ ಕಾಲೇಜಿನ ಅಧಿಕೃತ ಖಾತೆಗೇ ಕೊಟ್ಟು ರಸೀದಿ ತಗೊಳ್ಳಿ, ಬ್ಯಾಚಿನವರ ಸ್ವಂತ ಖಾತೆಗೆ ಹಾಕೋದ್ರಿಂದ ಒಳ್ಳೇ ಸ್ನೇಹಗಳು ಕೆಟ್ಟಿದಾವೆ.

ಕೊನೇದಾಗಿ ನಿಮ್ಮ ಬೆಂಚಿನ ಗೆಳತಿ. ನಂಬರ್ ಕೈಯಲ್ಲಿದ್ದೂ ಮಾಡಕ್ಕಾಗದೇ ಇರೋದು ನಿಮಗೊಬ್ಬರಿಗೇ ಅಲ್ಲ. 2024ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಲಾರಾ ಆಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಹಳೇ ಸ್ನೇಹಿತರ ನಂಬರ್ ಇದೆ, ಮೆಸೇಜ್ ಬರೆದಾಗಿದೆ, ಕಳಿಸೋದೊಂದೇ ಬಾಕಿ ಅನ್ನೋ ಸ್ಥಿತೀಲೂ ಕಳಿಸಿದ್ದು ಸುಮಾರು ಮೂರರಲ್ಲಿ ಒಬ್ಬರು. ಮೊದಲು ಈಗಿನ ಸ್ನೇಹಿತರಿಗೆ ಒಂದೆರಡು ಮೆಸೇಜ್ ಕಳಿಸಿ ಕೈ ಪಳಗಿಸ್ಕೊಂಡವರಲ್ಲಿ ಅದು ಅರ್ಧಕ್ಕಿಂತ ಮೇಲೆ ಹೋಯ್ತು. ಹಾಗೇ 2022ರಲ್ಲಿ ಪೆಗ್ಗಿ ಲಿಯೂ ಅವರ ತಂಡ ಸಾವಿರಾರು ಜನರ ಜೊತೆ ಮಾಡಿದ ಪ್ರಯೋಗಗಳಲ್ಲಿ, ನಾವು ಅಂದ್ಕೊಂಡಿದ್ದಕ್ಕಿಂತ ಆ ಕಡೆಯವರಿಗೆ ಹೆಚ್ಚು ಖುಷಿ ಆಗತ್ತೆ, ಅನಿರೀಕ್ಷಿತವಾಗಿದ್ರೆ ಇನ್ನೂ ಜಾಸ್ತಿ ಅಂತ ಕಂಡಿತ್ತು.

ಅದಕ್ಕೆ ನಾಳೆ ಬೆಳಗ್ಗೆ ದಿನಾ ಮಾತಾಡೋ ಒಬ್ಬರಿಗೆ ಮೊದಲು ಫೋನ್ ಮಾಡಿ, ಅದೇ ಬಿಸಿಯಲ್ಲಿ ಹನ್ನೊಂದು ಗಂಟೆ ಹೊತ್ತಿಗೆ ಇವರಿಗೆ ಮಾಡಿ. ರಾತ್ರಿ ಬೇಡ, ಈ ವಯಸ್ಸಲ್ಲಿ ರಾತ್ರಿ ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎದೆ ಹೊಡ್ಕೊಳ್ಳತ್ತೆ. "ನಾನ್ಯಾರು ಹೇಳು ನೋಡೋಣ" ಅನ್ಬೇಡಿ. ಮದುವೆಗೆ ಮುಂಚಿನ ನಿಮ್ಮ ಹೆಸರು ಹೇಳಿ, 73ನೇ ಬ್ಯಾಚು ಅನ್ನಿ, ಯಾವ ಬೆಂಚಲ್ಲಿ ಯಾವ ಕಡೆ ಕೂರ್ತಿದ್ರಿ ಅಂತ ಹೇಳಿ, ಕೆಟ್ಟ ಸುದ್ದಿ ಹೇಳಕ್ಕೆ ಮಾಡಿದ್ದಲ್ಲ, ಸುಮ್ಮನೆ ನಿನ್ನ ಧ್ವನಿ ಕೇಳಬೇಕನ್ನಿಸ್ತು ಅನ್ನಿ. ಆಮೇಲೆ ಸುಮ್ಮನಿರಿ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರದೇ ಇರಬಹುದು, ಕಟ್ ಆಯ್ತೇನೋ ಅಂತ ನೀವು ಹಲೋ ಹಲೋ ಅನ್ನಕ್ಕೆ ಹೋಗ್ಬೇಡಿ, ನಲವತ್ತು ವರ್ಷ ದಾಟಿ ಬರಕ್ಕೆ ಅವರಿಗೂ ಒಂದು ನಿಮಿಷ ಬೇಕು. ಇಡೋ ಮುಂಚೆ ಎರಡನೇ ನಂಬರ್ ಬರ್ಕೊಳ್ಳೋದು ಮರೀಬೇಡಿ.